ಎಡಗೈ ಕತ್ತರಿ

ಅತ್ತೆಯವರಿಗೆ ನಮಸ್ಕಾರಗಳು.

ಅಂಗಡಿ ಮುಚ್ಚಿ ನಮ್ಮ ಜೊತೆ ಬಂದು ಇದ್ದುಬಿಡು ಎಂದು ಬರೆದಿದ್ದೀರಿ. ನಿಮ್ಮ ಮಗ ತೀರಿಕೊಂಡು ಐದು ತಿಂಗಳಾಯಿತು. ಅವರು ಬಟ್ಟೆ ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಈಗ ಮಿಷನ್ ಇದೆ, ಹೊಲಿಯಲು ಏನೂ ಇಲ್ಲ. ಬೆಳಗ್ಗೆ ಬಾಗಿಲು ತೆಗೆದು ಸಂಜೆಯವರೆಗೆ ಸುಮ್ಮನೆ ಕೂತಿರುತ್ತೇನೆ.

ಕಳೆದ ವಾರ ಧೈರ್ಯ ಮಾಡಿ ಶಾಲೆಯ ಮೇಷ್ಟ್ರ ಅಂಗಿಗೆ ನಾನೇ ಕತ್ತರಿ ಹಾಕಿದೆ. ಒಂದು ತೋಳನ್ನು ಮಗುಚಿ ಕತ್ತರಿಸಬೇಕೆಂಬುದೇ ಮರೆತುಹೋಗಿ, ಎರಡೂ ಬಲತೋಳುಗಳಾದವು. ಅಳುತ್ತಲೇ ತೋರಿಸಿದೆ.

"ಪರವಾಗಿಲ್ಲ ಬಿಡಮ್ಮ, ನನ್ನ ಎಡಗೈಗೆ ಸೆಖೆ ಜಾಸ್ತಿ, ಅದು ತೋಳಿಲ್ಲದೇ ಇರ್ಲಿ" ಎಂದರು. ಮರುದಿನ ಬೇರೆ ಬಟ್ಟೆ ತಂದು ಮೇಜಿನ ಮೇಲಿಟ್ಟು ಹೋದರು.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮಗ ಎಡಚರಲ್ಲವೇ, ಅವರ ಕತ್ತರಿಯೂ ಎಡಗೈಯದು. ಹಠ ಹಿಡಿದು ಅದರಲ್ಲೇ ಕಲಿಯಲು ನೋಡಿದೆ. ಹೆಬ್ಬೆರಳಿಗೆ ಬೊಬ್ಬೆ ಬಂತೇ ಹೊರತು ಬಟ್ಟೆ ನೇರವಾಗಿ ಕತ್ತರಿಸಲಾಗಲಿಲ್ಲ. ನಿನ್ನೆ ನನ್ನ ಕೈಗೆ ಹೊಂದುವ ಕತ್ತರಿ ಕೊಂಡುಕೊಂಡೆ. ಅವರದನ್ನು ಎಣ್ಣೆ ಸವರಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಕಣ್ಣೆದುರಿಗಿದ್ದರೆ ಕೈ ಅದಕ್ಕೇ ಹೋಗುತ್ತದೆ. ನಿಮ್ಮ ಬಳಿ ಜೋಪಾನವಾಗಿರಲಿ.

ಇಷ್ಟರಿಂದ ಬದುಕು ಸರಿಹೋಗುತ್ತದೆಂಬ ನಂಬಿಕೆಯೇನೂ ನನಗಿಲ್ಲ. ಆದರೂ ಈ ಎರಡನೆಯ ಅಂಗಿ ಮುಗಿಯುವವರೆಗೆ ಕಾಯಿರಿ. ಇದೂ ಕೆಟ್ಟರೆ ಬಂದುಬಿಡುತ್ತೇನೆ. ನನಗೆಂದು ಕೋಣೆ ಮಾತ್ರ ಈಗಲೇ ಖಾಲಿ ಮಾಡಿಸಬೇಡಿ.

ಇಂತಿ,
ನಿಮ್ಮ ಸೊಸೆ