ಒಳಚಿಲಕವಿಲ್ಲದ ಕೋಣೆ

ರೀ,

ಬಟ್ಟೆ ಹಿಂಡುತ್ತಿದ್ದವಳು ಅರ್ಧಕ್ಕೇ ಬಿಟ್ಟು, ಮಗಳನ್ನು ಕರೆದುಕೊಂಡು ಕಾಲೇಜಿನ ಹಳೇ ಹಾಸ್ಟೆಲ್ ನೋಡಲು ಹೊರಟಿದ್ದೇನೆ. ಉಳಿದದ್ದನ್ನು ನೀವೇ ಹಿಂಡಿ ಹರವಿ.

ಅವಳನ್ನು ಕರೆದೊಯ್ದು ನೀವು ಮೆಚ್ಚಿ ಬಂದ ಆ ಖಾಸಗಿ ಹಾಸ್ಟೆಲಿಗೆ ಸಹಿ ಹಾಕಬೇಡಿ. ಬಾಗಿಲಲ್ಲೊಂದು ಅಸ್ಥಿಪಂಜರ ನಿಲ್ಲಿಸಿದರೆ ಮೆಡಿಕಲ್ ಓದುವವರ ಹಾಸ್ಟೆಲಾಯಿತೇ? ದಪ್ಪ ಪುಸ್ತಕ ಹಿಡಿಸುತ್ತದೋ ಎಂದು ನೀವು ಟೇಪು ಹಿಡಿದು ಕಪಾಟು ಅಳೆದಿರಂತೆ. ಕೋಣೆಗೆ ಒಳಚಿಲಕವೇ ಇಲ್ಲದ್ದು ಕಣ್ಣಿಗೆ ಬೀಳಲಿಲ್ಲ! "ಇವಳೂ ನನ್ನ ಮಗಳಿದ್ದ ಹಾಗೇ ಸಾರ್" ಅಂದನಂತೆ ಮಾಲೀಕ. ಬೆಣ್ಣೆ ಮಾತಿನ ಗೋಸುಂಬೆ! ತನ್ನ ಕೋಣೆಗೆ ಮಾತ್ರ ಎರಡೆರಡು ಬೀಗ.

ಅಪ್ಪನ ಖುಷಿ ಕೆಡುತ್ತದೆಂದು ಮಗು ಮೂರು ದಿನ ಬಾಯಿ ಬಿಡಲಿಲ್ಲ. ಅವಳ ಮೇಲೆ ರೇಗಬೇಡಿ. ಇವತ್ತು ನನ್ನ ಬೆನ್ನ ಹಿಂದೆ ಬಂದು ನಿಂತು ಕೇಳೇಬಿಟ್ಟಳು: "ಅಮ್ಮಾ, ನಾನು ಮಲಗಿದ್ದಾಗ ಆ ಮನುಷ್ಯ ಬಾಗಿಲು ತಳ್ಳಿದ್ರೆ?"