ಹೆಬ್ಬೆಟ್ಟಾದರೆ ಓದಿ ಹೇಳುತ್ತಿದ್ದಿರಿ

ಮಾನ್ಯ ಸಮುದಾಯ ವಿಕಾಸ ಅಧಿಕಾರಿಗಳೇ,

ಪುಣೆಯ ಕಾತ್ರಜದ ಆಚೆ, ಹೆದ್ದಾರಿಯ ಮಗ್ಗುಲಲ್ಲಿರುವ ನಮ್ಮ ಕೂಲಿಕಾರರ ವಸ್ತಿಯ ಹೆಂಗಸರ ಶೌಚಾಲಯವನ್ನು ನೀವು ಕೆಡವಿಸಿ, ಹೆದ್ದಾರಿಯ ಆ ಬದಿಗೆ ಹೊಸದನ್ನು ಕಟ್ಟಿಸಿದ್ದೀರಿ. ಅದಕ್ಕೆ ಮೂವತ್ತೆಂಟು ಹೆಂಗಸರ ಒಪ್ಪಿಗೆ ನಿಮ್ಮ ಕಡತದಲ್ಲಿದೆ. ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಹೇಳಲು ಈ ಪತ್ರ. ಅಲ್ಲಿಗೆ ಹೋಗಲು ರಸ್ತೆ ದಾಟುವಾಗ ಟೆಂಪೋ ಬಡಿದು ತೊಡೆಯ ಮೂಳೆ ಮುರಿದುಕೊಂಡ ರಂಗೂಬಾಯಿ ಎಂಬ ಅರವತ್ತೆರಡು ವರ್ಷದ ಹೆಂಗಸು ಬರುವ ಗುರುವಾರ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಹೀಗಾಗಿ ಸ್ವಲ್ಪ ಅವಸರವಿದೆ.

ನಿಮಗೆ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದೇ, ಪುಣೆಯ ಕನ್ನಡಿಗರ ಈ ವಾರಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹದಿನೇಳು ವರ್ಷ ನಿಮ್ಮ ಕಚೇರಿಗೆ ಮರಾಠಿಯಲ್ಲೇ ಅರ್ಜಿ ಗುಜರಾಯಿಸಿದವಳು ನಾನು. ಇದೊಂದನ್ನು ಯಾರಿಂದಲಾದರೂ ಓದಿಸಿ ಕೇಳಿ. ಓದಿ ಹೇಳುವವರು ಸಿಗದಿದ್ದರೆ ಚಿಂತೆಯಿಲ್ಲ, ಕೆಳಗೊಂದು ಸಹಿ ಹಾಕಿ ಕಡತಕ್ಕೆ ಸೇರಿಸಿಬಿಡಿ. ನಮ್ಮ ಹೆಂಗಸರೂ ಹಾಗೆಯೇ ಮಾಡಿದ್ದು.

ನಾನು ಧಾರವಾಡದವಳು, ಮದುವೆಯಾಗಿ ಈ ಊರಿಗೆ ಬಂದೆ. ನಿಮ್ಮ ಯೋಜನೆಯಲ್ಲಿ ನನ್ನ ಹುದ್ದೆಗೆ ಸಮುದಾಯ ಸಂಘಟಕಿ ಎಂದು ಹೆಸರು, ಕೆಲಸಕ್ಕೆ ಸಬಲೀಕರಣ ಎಂದು ಹೆಸರು. ವಸ್ತಿಯವರು ಇಂಡಿ, ಸಿಂದಗಿ ಕಡೆಯಿಂದ ಬಂದು ಕಟ್ಟಡಗಳ ಮೇಲೆ ಇಟ್ಟಿಗೆ, ಉಸುಕು ಹೊರುವವರು. ಒಂದೊಂದು ಫ್ಲ್ಯಾಟಿಗೆ ಮೂರು ಮೂರು ಬಚ್ಚಲಿರುವ ಕಟ್ಟಡಗಳನ್ನು ವಿಮಾನ ನಗರದಿಂದ ಪಿಂಪ್ರಿಯವರೆಗೆ ಎತ್ತಿ ನಿಲ್ಲಿಸಿದ ಈ ಜನಕ್ಕೆ ಎಲ್ಲ ಸೇರಿ ಎಂಟು ಬಾಗಿಲಿನ ಒಂದು ಶೌಚಾಲಯವಿತ್ತು. ಬಾಗಿಲುಗಳಲ್ಲಿ ಮೂರಕ್ಕೆ ಚಿಲಕವಿರಲಿಲ್ಲ. ಆದರೂ ಅದು ವಸ್ತಿಯ ಬೆನ್ನಿಗೇ ಇತ್ತು, ಹತ್ತು ಹೆಜ್ಜೆಯ ದಾರಿ.

ಎರಡು ವರ್ಷದ ಹಿಂದೆ ನಿಮ್ಮ ಇಲಾಖೆಯಿಂದ ಗುರಿಯೊಂದು ಬಂತು: ಹೆಬ್ಬೆಟ್ಟು ಮುಕ್ತ ವಸ್ತಿ. ಓದು ಬರಹ ಕಲಿಸಲು ಸಮಯವಿಲ್ಲ, ಸಹಿಯೊಂದು ಬಂದರೆ ಸಾಕು ಎಂದಿರಿ. ನಾನು ಹೂಂ ಎಂದೆ. ಇದು ನನ್ನ ಮೊದಲ ತಪ್ಪು. ವಾರಕ್ಕೆ ಮೂರು ಸಂಜೆ, ಕೆಲಸ ಮುಗಿಸಿ ಬಂದ ಹೆಂಗಸರನ್ನು ಕೂಡಿಸಿ, ಸುಣ್ಣ ತಿಂದ ಬೆರಳುಗಳಲ್ಲಿ ಪೆನ್ನು ಹಿಡಿಸಿದೆ. ಅಕ್ಷರವೆಂದು ಕಲಿಸಲಿಲ್ಲ, ರಂಗೋಲಿಯಂತೆ ಕಲಿಸಿದೆ. ಇಲ್ಲಿಂದ ಎಳೆ ಹಿಡಿ, ಇಲ್ಲಿ ಸುತ್ತು ಹಾಕು, ಮೇಲೊಂದು ಗೆರೆ. ರಂಗೋಲಿಯಲ್ಲಿ ಅವರು ನನಗಿಂತ ಗಟ್ಟಿ. ಒಂದೂವರೆ ವರ್ಷದಲ್ಲಿ ಮೂವತ್ತೆಂಟೂ ಮಂದಿ ತಮ್ಮ ಹೆಸರನ್ನು ಬರೆದರು, ಅದರ ಪಕ್ಕದಲ್ಲಿದ್ದ ಇನ್ನಾವ ಪದವನ್ನೂ ಓದಲಾರದೆ ಬರೆದರು. ಇವರೆಲ್ಲ ಸಾಕ್ಷರರೆಂದು ನಾನು ಪ್ರಮಾಣಪತ್ರ ಬರೆದುಕೊಟ್ಟೆ, ನೀವು ವಸ್ತಿಯ ಬಾಯಿಯಲ್ಲಿ ‘ಹೆಬ್ಬೆಟ್ಟು ಮುಕ್ತ’ ಎಂಬ ಹಸಿರು ಬೋರ್ಡು ನೆಡಿಸಿದಿರಿ.

ಈ ವರ್ಷದ ಸಂಕ್ರಾಂತಿಗೆ ಅರಿಶಿನ ಕುಂಕುಮ ಇಟ್ಟುಕೊಂಡೆವು. ಈ ಊರಿನಲ್ಲಿ ಅಂದು ಬಂದ ಹೆಂಗಸರಿಗೆಲ್ಲ ವಾಣವೆಂದು ಏನಾದರೂ ಉಡುಗೊರೆ ಕೊಡುವ ರೂಢಿ, ಡಬ್ಬಿಯೋ ಬಾಚಣಿಕೆಯೋ ಜರಡಿಯೋ. ನಾನು ಜಾಣತನ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪೆನ್ನು ಕೊಟ್ಟೆ. ಎಳ್ಳುಬೆಲ್ಲ ಹಂಚಿ ಮುಗಿಯುವ ಹೊತ್ತಿಗೆ ನಿಮ್ಮ ಸಿಬ್ಬಂದಿ ಎರಡು ಪುಟದ ಅರ್ಜಿ ಹಿಡಿದು ಬಂದರು. ಅವರಿಗೆ ದಿನ ಗೊತ್ತಿತ್ತೋ, ಕಾಕತಾಳೀಯವೋ, ನಾನು ಹೇಳಲಾರೆ. ಕೈಯಲ್ಲಿ ಹೊಸ ಪೆನ್ನು, ಎದುರಿಗೆ ಸಹಿ ಬೇಡುವ ಕಾಗದ, ಹೊಸ ಸೀರೆ ಉಟ್ಟ ಮೂವತ್ತೆಂಟು ಹೆಂಗಸರು. ನೂಕುನುಗ್ಗಲಾಯಿತು. ತನ್ನ ಸಹಿಗೆ ಜಾಗ ಉಳಿಯುವುದಿಲ್ಲವೆಂದು ತಿಪ್ಪವ್ವ ಸರದಿ ಮುರಿದು ಮುಂದೆ ಬಂದಳು. ರಂಗೂಬಾಯಿ ಎರಡು ಸಲ ಹಾಕಿದರು, ಮೊದಲನೆಯದರಲ್ಲಿ ಸುತ್ತು ಸರಿಯಾಗಿ ಬರಲಿಲ್ಲವಂತೆ. ನಿಮ್ಮ ಕಡತ ತೆಗೆದು ನೋಡಿ, ಹನ್ನೊಂದು ಮತ್ತು ಹನ್ನೆರಡನೆಯ ಸಾಲು.

ಸಂಘಟಕಿ ಏನು ಮಾಡುತ್ತಿದ್ದಳು ಎಂದು ನೀವು ಕೇಳಬಹುದು. ಸಂಘಟಕಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಳು. ನನಗೆ ಮರಾಠಿ ಓದಲು ಬರುತ್ತದೆ. ಮೊದಲ ಪುಟದಲ್ಲಿ ‘ಮಹಿಳಾ ಶೌಚಾಲಯ ಸುಧಾರಣೆ’ ಎಂದಿತ್ತು, ಓದಿ ಸಂತೋಷಪಟ್ಟೆ, ಚಿಲಕ ಹಾಕಿಸುತ್ತಾರೆ ಅಂದುಕೊಂಡೆ. ಪುಟ ತಿರುವಲಿಲ್ಲ. ಸ್ಥಳಾಂತರದ ಮಾತು ಎರಡನೆಯ ಪುಟದಲ್ಲಿತ್ತೆಂದು ತಿಳಿದದ್ದು ಆಮೇಲೆ. ಆ ಪುಟದ ಕೊನೆಗೆ ಸಣ್ಣ ಅಕ್ಷರದಲ್ಲಿ ನಿಮ್ಮದೇ ಇಲಾಖೆಯ ಸೂಚನೆಯೂ ಇತ್ತು. ಹೆಬ್ಬೆಟ್ಟು ಒತ್ತುವವರಿಗೆ ಇಡೀ ಒಕ್ಕಣೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಹಾಗೆ ಹೇಳಲಾಯಿತೆಂದು ಸಾಕ್ಷಿಯ ಸಹಿ ಪಡೆಯತಕ್ಕದ್ದು. ಸಹಿ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ನಾನು ಏನೂ ಕಲಿಸದೆ ಸುಮ್ಮನಿದ್ದಿದ್ದರೆ, ಅಂದು ನಿಮ್ಮ ಸಿಬ್ಬಂದಿ ಗಂಟಲು ಬಿಚ್ಚಿ ಓದಲೇಬೇಕಾಗುತ್ತಿತ್ತು. ಆ ಹೆಂಗಸರನ್ನು ಕಾಯುತ್ತಿದ್ದ ಒಂದೇ ಒಂದು ನಿಯಮವನ್ನು ಒಂದೂವರೆ ವರ್ಷ ಕಷ್ಟಪಟ್ಟು ನಾನೇ ತೆಗೆದುಹಾಕಿದೆ.

ಮಾರ್ಚಿನಲ್ಲಿ ಜೆಸಿಬಿ ಬಂತು. ಈಗ ಆ ಜಾಗದಲ್ಲಿ ವಸ್ತಿಯ ಹಿಂಬದಿಯ ಅಪಾರ್ಟ್‌ಮೆಂಟಿನವರು ಬೆಳಿಗ್ಗೆ ಓಡಾಡಲು ಕಲ್ಲು ಹಾಸಿದ ದಾರಿಯಿದೆ. ರಸ್ತೆಯಾಚೆಯ ಹೊಸ ಶೌಚಾಲಯ ಚಂದವಿದೆ, ಸುಳ್ಳು ಹೇಳಬಾರದು. ಟೈಲ್ಸ್ ಇದೆ, ನಲ್ಲಿಯಲ್ಲಿ ನೀರಿದೆ, ಕನ್ನಡಿಯೂ ಇದೆ. ನಡುವೆ ಆರು ಪಥದ ರಸ್ತೆಯೊಂದಿದೆ. ಅದರ ಮೇಲೆ ಹುಬ್ಬಳ್ಳಿ, ಬೆಳಗಾವಿಗಳ ಬಸ್ಸುಗಳು ಎಡೆಬಿಡದೆ ಓಡುತ್ತವೆ. ಪಾದಚಾರಿ ಸೇತುವೆಗೆ ಮುಕ್ಕಾಲು ಕಿಲೋಮೀಟರು ನಡೆಯಬೇಕು. ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನು ಹೆಂಗಸರು ಬಿಟ್ಟರು. ಏಪ್ರಿಲ್ಲಿನ ಬಿಸಿಲಲ್ಲಿ ಇಟ್ಟಿಗೆ ಹೊತ್ತು ಬಂದವರು ನೀರಿನ ತಂಬಿಗೆಯನ್ನು ದೂರ ಸರಿಸುವುದನ್ನು ನಾನು ನೋಡಿದ್ದೇನೆ. ನಿಮ್ಮ ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ರಂಗೂಬಾಯಿ ಬಿದ್ದಿದ್ದು ಜುಲೈನಲ್ಲಿ, ಬೆಳಕು ಹರಿದ ಮೇಲೆ, ಮಳೆಯಲ್ಲಿ. ಆಸ್ಪತ್ರೆಗೆ ನಾನು ಹೋದಾಗ ತೊಡೆಗೆ ರಾಡು ಹಾಕಿ ಮಲಗಿಸಿದ್ದರು. ಕೈ ಹಿಡಿದುಕೊಂಡೆ. ಕಾಗದದಲ್ಲಿ ಏನಿತ್ತು ಎಂಬುದನ್ನು ಮೊದಲ ಸಲ ಅವರಿಗೆ ಪೂರ್ತಿಯಾಗಿ ಹೇಳಿದೆ. ಅವರು ಕೇಳಿದರು:

“ಹಂಗಾರ ನಾನ ಬರಕೊಟ್ಟೀನಂದಂಗಾತಲ್ರಿ ಅಕ್ಕಾರ?”

ಇಲ್ಲ, ನಿಮ್ಮ ತಪ್ಪಲ್ಲ ಎಂದೆ.

“ಮತ್ತ ಸಹಿ ನಂದ ಅದ. ಎರಡ ಅದಾವ.”

ನನಗೆ ಅಳು ಬರಲಿಲ್ಲ. ಬರಬೇಕಿತ್ತು. ನಿಮ್ಮ ಮೇಲೆ ಸಿಟ್ಟೂ ಬರಬೇಕಿತ್ತು, ಅದೂ ಬರುತ್ತಿಲ್ಲ. ಒಳಗೆಲ್ಲೋ ಜೋಮು ಹಿಡಿದಿದೆ. ಮನೆಗೆ ಬಂದು ಅಕ್ಕಿ ತೊಳೆದು ಕುಕ್ಕರ್ ಇಟ್ಟೆ, ತಿಂಗಳ ವರದಿ ತುಂಬಿದೆ. ಸಬಲೀಕೃತ ಮಹಿಳೆಯರ ಸಂಖ್ಯೆ ಎಂಬಲ್ಲಿ ಮೂವತ್ತೆಂಟು ಎಂದು ಬರೆದೆ.

ಮರುದಿನ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ, ಅದು ಎಂದಿನದೇ. ನಿಮ್ಮ ಗುಮಾಸ್ತರು ಕೂರಿಸಿ ಚಹಾ ಕೊಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ದನಿಯಲ್ಲಿ ತಿಳಿಹೇಳಿದರು: ಹೆಬ್ಬೆಟ್ಟುಗಳಿದ್ದಿದ್ದರೆ ಓದಿ ಹೇಳಿಲ್ಲವೆಂದು ತಕರಾರು ಎತ್ತಬಹುದಿತ್ತು, ಮ್ಯಾಡಮ್. ಇವರೆಲ್ಲ ಸಾಕ್ಷರರು, ನೀವೇ ಪ್ರಮಾಣಪತ್ರ ಕೊಟ್ಟಿದ್ದೀರಿ. ನಾನು ಕೊಟ್ಟಿದ್ದು ನಿಜ. ಚಹಾ ಕುಡಿದು ಎದ್ದು ಬಂದೆ.

ಈಗ ಕಳೆದ ವಾರದ ಸಂಗತಿ, ಇದು ನಿಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ನಿಮ್ಮ ಸಿಬ್ಬಂದಿ ಮತ್ತೊಂದು ಅರ್ಜಿ ತಂದರು, ಈ ಸಲ ಕುಡಿಯುವ ನೀರಿನ ನಲ್ಲಿಯ ‘ಸುಧಾರಣೆ’. ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಯಾರೂ ಏಳಲಿಲ್ಲ. ಸರದಿ ಮುರಿದು ಬಂದಿದ್ದಳಲ್ಲ, ಆ ತಿಪ್ಪವ್ವನ ಕೈಗೆ ಸಿಬ್ಬಂದಿ ಪೆನ್ನು ಚಾಚಿದರು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

“ನನಗ ಸಹಿ ಬರಂಗಿಲ್ರಿ. ಹೆಬ್ಬಟ್ಟ ಒತ್ತತೀನಿ, ಮಸಿ ತರ್ರಿ.”

ಅವರು ನನ್ನತ್ತ ತಿರುಗಿ ಮರಾಠಿಯಲ್ಲಿ, ಈಕೆಗೆ ಸಹಿ ಬರುತ್ತದಲ್ಲವೇ, ನೀವೇ ಕಲಿಸಿದ್ದಲ್ಲವೇ ಎಂದು ಕೇಳಿದರು. ಹದಿನೇಳು ವರ್ಷದ ಕೆಲಸದ ಬಗ್ಗೆ ನನ್ನನ್ನು ಯಾರಾದರೂ ನೇರವಾಗಿ ಕೇಳಿದ್ದು ಅದೇ ಮೊದಲು. ಬರುವುದಿಲ್ಲ, ಮರೆತಿದ್ದಾಳೆ ಎಂದೆ. ಎಲ್ಲರೂ ಮರೆತಿದ್ದಾರೆ ಎಂದೆ. ಬೋರ್ಡಿನ ನೆರಳಿನಲ್ಲೇ ನಿಂತು ಹೇಳಿದೆ.

ಅವರು ಓದಬೇಕಾಯಿತು. ಅವರು ಓದಿದ್ದನ್ನು ನಾನು ಒಂದೊಂದೇ ವಾಕ್ಯವಾಗಿ ಕನ್ನಡಕ್ಕೆ ತಂದೆ. ನಲವತ್ತು ನಿಮಿಷ ಹಿಡಿಯಿತು. ನಾಲ್ಕನೆಯ ಕಲಮಿಗೆ ತಿಪ್ಪವ್ವ ತಡೆದಳು.

“ತಡೀರಿ. ನಲ್ಲಿ ಈ ಕಡಿಗೇ ಇರತದೋ, ಅದೂ ರೋಡ್ ದಾಟತದೋ?”

ಅವರು ಕಾಗದ ಮಡಚಿದರು. ಕೇಳಿಕೊಂಡು ಬರುತ್ತೇನೆ ಎಂದು ಹೋದವರು ಇನ್ನೂ ಬಂದಿಲ್ಲ. ನಾನು ಕಂಡ ಸಬಲೀಕರಣ ಇಷ್ಟೇ, ಮಾನ್ಯರೇ. ಅದಕ್ಕೆ ನನ್ನ ಪಾಠವೇನೂ ಬೇಕಾಗಿರಲಿಲ್ಲ, ಅದನ್ನು ಮರೆತೆವೆಂದು ಹೇಳುವ ಧೈರ್ಯವೊಂದು ಬೇಕಿತ್ತು. ಬೇರೆ ವಸ್ತಿಗಳ ಸಂಘಟಕಿಯರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಓದಲು ಕಲಿಸುವ ಮುಂಚೆ ಸಹಿ ಕಲಿಸಬೇಡಿ. ಎಷ್ಟೇ ಗುರಿ ಬರಲಿ, ಕಲಿಸಬೇಡಿ. ಮತ್ತು ಪುಟ ತಿರುವಿ.

ಇನ್ನು ನನ್ನ ಬೇಡಿಕೆ. ಆ ಮೂವತ್ತೊಂಬತ್ತು ಸಹಿಗಳ ಅರ್ಜಿಯನ್ನು ರದ್ದು ಮಾಡಿ, ವಸ್ತಿಗೇ ಬಂದು, ಎರಡೂ ಪುಟಗಳನ್ನು ಗಟ್ಟಿಯಾಗಿ ಓದಿ ಕೇಳಿಸಿ. ಕನ್ನಡಕ್ಕೆ ನಾನು ತರುತ್ತೇನೆ. ನಾನು ಕೊಟ್ಟ ಸಾಕ್ಷರತಾ ಪ್ರಮಾಣಪತ್ರ ಸುಳ್ಳು ಎಂದು ಬರೆದುಕೊಡಲು ಸಿದ್ಧಳಿದ್ದೇನೆ, ಅದಕ್ಕೆ ನನ್ನ ಹುದ್ದೆ ಹೋಗುವುದಾದರೆ ಹೋಗಲಿ. ಶೌಚಾಲಯ ಈ ಬದಿಗೆ ಮರಳಿ ಬರಲು ನಿಮ್ಮಲ್ಲಿ ವರ್ಷಗಳು ಹಿಡಿಯುತ್ತವೆಂದು ಬಲ್ಲೆ. ಅಷ್ಟರವರೆಗೆ ಈ ಬದಿಯಲ್ಲಿ ಒಂದು ಬಾಗಿಲು, ಒಂದು ಚಿಲಕ, ಒಂದು ತೊಟ್ಟಿ ನೀರು ಗುರುವಾರದೊಳಗೆ ಆಗಬೇಕು. ರಂಗೂಬಾಯಿಗೆ ಆಸ್ಪತ್ರೆಯವರು ವಾಕರ್ ಕೊಟ್ಟಿದ್ದಾರೆ, ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಶುಕ್ರವಾರ ಬೆಳಿಗ್ಗೆ ಏಳುತ್ತಾರೆ. ಎದ್ದು ಎಲ್ಲಿಗೆ ಹೋಗಬೇಕು ಎಂಬುದನ್ನು ದಯವಿಟ್ಟು ಬರೆದು ತಿಳಿಸಿ. ನಾನೇ ಓದಿ ಹೇಳುತ್ತೇನೆ.

ಇಂತಿ,
ಫೋಟೋ ತೆಗೆಯುತ್ತಾ ನಿಂತಿದ್ದ,
ಮಂಜರಿ