ಹಿಂದಿನ ಗೋಡೆಯ ಶಿಲುಬೆಗಳು

ಸಾನ್ ಎಲಾದಿಯೊ, ಕ್ಯಾಲಿಫೋರ್ನಿಯಾ
೧೪ ಅಕ್ಟೋಬರ್ ೧೯೬೪, ಬುಧವಾರ

ಪ್ರೀತಿಯ ತಮ್ಮ ಅನ್ಸೆಲ್ಮೊ,

ಹೇಗಿದ್ದೀಯೋ? ಅಲಾಸ್ಕಾದ ಆ ಮೀನಿನ ಕಾರ್ಖಾನೆಯ ಚಳಿಗೆ ನಿನ್ನ ಕೆಮ್ಮು ಹೆಚ್ಚಿಲ್ಲ ತಾನೆ? ಉಣ್ಣೆಯ ಕಾಲುಚೀಲ ತಲುಪಿತೆಂದು ಒಂದು ಸಾಲು ಬರೆಯುವುದಕ್ಕೂ ನಿನಗೆ ಕೈ ಬರಲಿಲ್ಲ. ಇರಲಿ. ತೊಮಾಸಾ ಅತ್ತೆಗೆ ಮಂಡಿನೋವು ಹಾಗೇ ಇದೆ, ಬಾಯಿಗೇನೂ ಆಗಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಸ್ಪೇನಿನ ಪಾದ್ರಿಗಳು ಕಟ್ಟಿಸಿದ ನಮ್ಮೂರ ಹಳೇ ಚರ್ಚು, ಆ ಮಿಷನ್ನಿನ ಹಿಂದಿನ ಗೋಡೆಯ ಪಕ್ಕ, ಈ ನೆಲದ ಮೂಲನಿವಾಸಿಗಳಾದ ನಮ್ಮ ಜನರನ್ನೆಲ್ಲ ಹೂಳಿದ ಜಾಗ, ನಾವು ಚಿಕ್ಕವರಿದ್ದಾಗಲೇ ಹೋದ ಅವ್ವನೂ ಮಲಗಿರುವ ಜಾಗ ಇದೆಯಲ್ಲ, ಅಲ್ಲಿ ಪ್ರವಾಸಿಗರ ಬಸ್ಸು ನಿಲ್ಲಿಸಲು ಡಾಂಬರು ಹಾಕುತ್ತಾರಂತೆ. ಚರ್ಚಿನ ಸಮಿತಿಗೆ ಹೋಗಿ ಜಗಳವಾಡಿದೆ. ಹೂಳಿದವರ ಹೆಸರು ಪುಸ್ತಕದಲ್ಲಿದೆ, ಎಲ್ಲಿ ಹೂಳಿದರೆಂದು ಬರೆದಿಲ್ಲವಂತೆ. ಅಧ್ಯಕ್ಷ ಮಹಾಶಯ ಗೋಡೆಯ ಮೇಲಿನ ಫೋಟೋ ತೋರಿಸಿದ. ನಮ್ಮ ಅಪ್ಪ ತೆಗೆದದ್ದೇ ಕಣೋ, ಮಿಷನ್ನಿನ ಬಾಗಿಲಲ್ಲಿ ಕೂತು ಜೀವಮಾನವೆಲ್ಲ ಮಾರಿದ ಕಪ್ಪುಬಿಳುಪು ಫೋಟೋ. ಗಂಟೆಗೋಪುರ, ಸುಣ್ಣದ ಗೋಡೆ, ಅದರ ಬುಡದಲ್ಲಿ ಬೋಳು ನೆಲ. "ನಿಮ್ಮಪ್ಪನ್ ಫೋಟೋನೇ ಹೇಳ್ತಿದೆಯಲ್ಲಮ್ಮ, ಒಂದಾದ್ರೂ ಶಿಲುಬೆ ಕಾಣುತ್ತಾ?" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಪ್ಪ ಅದಕ್ಕೂ ಹಿಂದೆ ತೆಗೆದ ಫೋಟೋಗಳಲ್ಲಿ ಅಲ್ಲಿ ಸಾಲುಸಾಲು ಮರದ ಶಿಲುಬೆಗಳಿದ್ದವು. ನಾನೇ ನೋಡಿದ್ದೇನೆ. ಆಮೇಲೆ ಗೆದ್ದಲು ತಿಂದುಹಾಕಿತು ಎನ್ನುತ್ತಿದ್ದ ಅಪ್ಪ. ಈಗ ತೋರಿಸೋಣವೆಂದರೆ ಎಲ್ಲಿವೆ? ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡಾಗ ನಮ್ಮವರ ಪದ್ಧತಿಯಂತೆ ಅವನದೆಲ್ಲವನ್ನೂ ಬೆಂಕಿಗೆ ಹಾಕಿದೆವು. ಅಂಗಿ, ಟೋಪಿ, ಕ್ಯಾಮೆರಾ. ಫೋಟೋಗಳ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು, ಒಂದನ್ನಾದರೂ ಇಟ್ಟುಕೊಳ್ಳುತ್ತೇನೆ ಅಂದೆ. "ಅವನ ಕಾಲಿಗೆ ಹಗ್ಗ ಕಟ್ತೀಯೇನೇ? ಹಾಕೇ, ಹೋಗ್ಲಿ ಅವ್ನು!" ಎಂದು ಅತ್ತೆ ಗದರಿದಳು. ಕೈಯಾರೆ ಹಾಕಿದೆ. ಫಿಲ್ಮುಗಳು ಭಗ್ಗೆಂದು ಹತ್ತಿಕೊಂಡವು. ತಪ್ಪು ಮಾಡಿದೆ ಎನ್ನಲೇ? ಹಾಕದಿದ್ದರೂ ತಪ್ಪೇ ಆಗುತ್ತಿತ್ತು.

ಸೋಮವಾರ ಡಾಂಬರಿನ ಯಂತ್ರ ಬರುತ್ತದೆ. ಬೇರೆ ಏನೂ ತೋಚುತ್ತಿಲ್ಲ. ಹೋಗಿ ಅವ್ವನ ಮೇಲೆ ನಿಂತುಬಿಡುತ್ತೇನೆ. ಎಳೆದುಹಾಕುತ್ತಾರೆಂದು ಗೊತ್ತು. ಎಳೆಯಲಿ.

ಬರಿತಲೆಯಲ್ಲಿ ಹೊರಗೆ ತಿರುಗಬೇಡ, ಹೊತ್ತುಹೊತ್ತಿಗೆ ಉಣ್ಣು. ಅತ್ತೆ ನಿನ್ನ ಹಣೆ ಮುಟ್ಟಿ ಹರಸಿದ್ದಾಳೆ ಎಂದುಕೋ.

ನಿನ್ನ ಅಕ್ಕ,
ಎವುಲಾಲಿಯಾ

ಮತ್ತೊಂದು ಮಾತು: ಲಕೋಟೆ ಅಂಟಿಸಬೇಕು ಅನ್ನುವಾಗ ಅತ್ತೆ ಅಳುತ್ತ ಬಾಯಿಬಿಟ್ಟಳು. ಗೆದ್ದಲೂ ಇಲ್ಲ, ಮಣ್ಣೂ ಇಲ್ಲ. ಶಿಲುಬೆಗಳನ್ನು ಕಿತ್ತವನು ಅಪ್ಪನೇ. ಗೋರಿ ಕಂಡರೆ ಪ್ರವಾಸಿಗರು ಫೋಟೋ ಕೊಳ್ಳುವುದಿಲ್ಲವೆಂದು ಒಂದು ಬೆಳಿಗ್ಗೆ ಎಲ್ಲವನ್ನೂ ಕಿತ್ತು ಮೂಲೆಗೊರಗಿಸಿ, ಗುಳಿ ಕಾಣದಂತೆ ನೆಲ ಸಮ ಮಾಡಿದನಂತೆ. ಫೋಟೋ ತೆಗೆದು ಮತ್ತೆ ನೆಡಬೇಕೆಂದಿದ್ದನಂತೆ. ನೆಡಲು ಹೋದರೆ, ಹೆಸರಿಲ್ಲದ ಕಟ್ಟಿಗೆ, ಯಾವುದು ಎಲ್ಲಿತ್ತು, ಯಾರದೆಂದು ತಿಳಿಯಲಿಲ್ಲ. ಅವ್ವನದೂ ತಿಳಿಯಲಿಲ್ಲ. "ಮಕ್ಕಳಿಗೆ ಹೇಳ್ಬೇಡ ಕಣೇ" ಅಂದಿದ್ದನಂತೆ. ಇಷ್ಟು ವರ್ಷ ನೀನೂ ನಾನೂ ಹೂವಿಟ್ಟಿದ್ದು ಅವನು ಸುಮ್ಮನೆ ಬೆರಳು ತೋರಿಸಿದ ಜಾಗಕ್ಕೆ. ಸೋಮವಾರ ನಾನು ಎಲ್ಲಿ ನಿಲ್ಲಲಿ, ತಮ್ಮಾ?